ಹಾಸನದಲ್ಲಿ ಚಿತ್ರಕಲೆ ನೋಡೋಕೆ ಒಂದು ಜಾಗ ಬೇಕು. ಏನು ಮಾಡೋಣ?

ಬಳಪ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಕಳೆದ ದಸರಾ ರಜೆಯಲ್ಲಿ ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಹನ್ನೊಂದು ವರ್ಷ. ಅರಮನೆ, ಝೂ ಎಲ್ಲ ಮುಗಿಸಿ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದೆವು. ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಎರಡೂವರೆ ಗಂಟೆ ಆಯಿತು. ದೀಪ ಹಿಡಿದು ನಿಂತ ಹೆಂಗಸಿನ ಚಿತ್ರದ ಮುಂದೆ ನಿಂತವಳು ಕೈ ಎಳೆದರೂ ಬರಲಿಲ್ಲ. "ಅಮ್ಮ, ಬೆಳಕು ಎಲ್ಲಿಂದ ಬರುತ್ತಿದೆ?" ಅಂತ ಕೇಳಿದಳು. ಆ ರವಿವರ್ಮನ ಚಿತ್ರವನ್ನು ನಾನು ಕ್ಯಾಲೆಂಡರಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಎದುರಿಗೆ ನಿಂತಾಗ ಅದು ಬೇರೆಯೇ ಆಗಿತ್ತು.

ರೈಲಿನಲ್ಲಿ ವಾಪಸ್ ಬರುವಾಗ ಅವಳು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. "ನಮ್ಮೂರಲ್ಲಿ ಚಿತ್ರ ನೋಡೋಕೆ ಎಲ್ಲಿಗೆ ಹೋಗಬೇಕು?" ನನಗೆ ಥಟ್ಟನೆ ಒಂದು ಜಾಗದ ಹೆಸರು ಹೇಳೋಕೆ ಆಗಲಿಲ್ಲ. ಆಗೊಮ್ಮೆ ಈಗೊಮ್ಮೆ ಯಾವುದೋ ಸಭಾಂಗಣದಲ್ಲಿ ಎರಡು ದಿನ ಪ್ರದರ್ಶನ ನಡೆಯುತ್ತದೆ. ಪೇಪರಿನಲ್ಲಿ ಓದುವ ಹೊತ್ತಿಗೆ ಮುಗಿದಿರುತ್ತದೆ.

ನಮ್ಮ ಜಿಲ್ಲೆಯ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. ಅದೇ ಹೆಸರಿನ ಬಳಪ ಹಿಡಿದು ನಾವೆಲ್ಲ ಸ್ಲೇಟಿನ ಮೇಲೆ ಅ ಆ ತಿದ್ದಿದ್ದು. ಹೊಯ್ಸಳರ ಶಿಲ್ಪಕ್ಕೂ ಒಂದನೇ ತರಗತಿಗೂ ಒಂದೇ ಪದ ಇರುವ ಊರು ನಮ್ಮದು. ಅಲ್ಲಿ ಒಂದು ಮಗುವಿಗೆ ಚಿತ್ರದ ಮುಂದೆ ನಿಲ್ಲೋಕೆ ಜಾಗ ಬೇಕಲ್ವಾ?

ನಾನು ಕೇಳುತ್ತಿರುವುದು ಅಮೃತಶಿಲೆಯ ಕಟ್ಟಡ ಅಲ್ಲ. ವರ್ಷವಿಡೀ ಬಾಗಿಲು ತೆಗೆದಿರುವ ಒಂದು ಕೋಣೆ. ಟಿಕೆಟ್ ಇರಬಾರದು. "ಏನು ಬೇಕು?" ಅಂತ ಯಾರೂ ತಡೆಯಬಾರದು. ನಮ್ಮ ಜಿಲ್ಲೆಯವರು ಬರೆದ ಚಿತ್ರ ಅಲ್ಲಿರಬೇಕು. ಹೇಗೆ ಮಾಡಬಹುದು, ಹೇಳಿ.

ಹೊಸಲೈನ್ ರಸ್ತೆ · ಭಾನುವಾರ ರಾತ್ರಿ

ಮೇಡಂ, ನಿಮ್ಮ ಭಾವನೆ ಅರ್ಥ ಆಗುತ್ತದೆ. ಆದರೆ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವ ದಿನ ಯಾರೂ ಕೆಲಸಕ್ಕೆ ಹೋಗುವ ಹಾಗಿಲ್ಲ, ಹಿಡಿದಿಡಬೇಕು. ಮಳೆ ಬಂದರೆ ಚರಂಡಿ ಉಕ್ಕುತ್ತದೆ. ಸಾರ್ವಜನಿಕರ ಹಣ ಮೊದಲು ಎಲ್ಲಿಗೆ ಹೋಗಬೇಕು? ಕಟ್ಟಡ ಕಟ್ಟುವುದು ಸುಲಭ. ಉದ್ಘಾಟನೆ ಆಗುತ್ತದೆ, ಫೋಟೊ ಬರುತ್ತದೆ. ಆಮೇಲೆ ಬೀಗ. ಅಂಥ ಬೀಗ ಹಾಕಿದ ಕಟ್ಟಡಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಬೇಲೂರು ಗೈಡ್ · ಸೋಮವಾರ ಬೆಳಿಗ್ಗೆ

ಬಳಪ ಮೇಡಂ, ಒಂದು ತಿದ್ದುಪಡಿ, ಬೇಜಾರು ಮಾಡಿಕೊಳ್ಳಬೇಡಿ. ದೀಪದ ಮಹಿಳೆಯ ಚಿತ್ರ ರವಿವರ್ಮನದಲ್ಲ. ಎಸ್.ಎಲ್. ಹಲ್ದನ್ಕರ್ ಅವರದು, 1945–46ರ ಸುಮಾರಿಗೆ ಬರೆದದ್ದು. ತೈಲವರ್ಣವೂ ಅಲ್ಲ, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳೇ. ತುಂಬಾ ಜನ ರವಿವರ್ಮ ಅಂತಲೇ ತಿಳಿದಿದ್ದಾರೆ. ಆ ಚಿತ್ರಶಾಲೆಯಲ್ಲಿ ರವಿವರ್ಮನ ಚಿತ್ರಗಳು ಬೇರೆ ಇರುವುದರಿಂದ ಈ ಗೊಂದಲ.

ಈಗ ನನ್ನ ಅಭಿಪ್ರಾಯ. ಹಾಸನ ಜಿಲ್ಲೆಗೆ ಬೇರೆ ಗ್ಯಾಲರಿ ಯಾಕೆ? ಬೇಲೂರು ಇದೆ, ಹಳೇಬೀಡು ಇದೆ. 2023ರಲ್ಲಿ ಸೋಮನಾಥಪುರದ ಜೊತೆ ಎರಡೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಿಮ್ಮೂರಿನ ಮಹಾರಾಜ ಪಾರ್ಕಿನ ಮ್ಯೂಸಿಯಮ್ಮಿನಲ್ಲೂ ಹಳೆಯ ಶಿಲ್ಪಗಳಿವೆ. ಹಾಸನದ ಎಷ್ಟು ಜನ ಅದರೊಳಗೆ ಹೋಗಿದ್ದಾರೆ? ಇರುವುದನ್ನು ನೋಡದೆ ಹೊಸದು ಕೇಳಿದರೆ ಅದಕ್ಕೂ ಅದೇ ಗತಿ ಆಗುತ್ತದೆ ಅಂತ ನನ್ನ ಭಯ.

ಬಳಪ · ಸೋಮವಾರ ಮಧ್ಯಾಹ್ನ

ಗೈಡ್ ಅಣ್ಣ, ತಿದ್ದಿದ್ದಕ್ಕೆ ಧನ್ಯವಾದ. ಮಗಳಿಗೂ ಹೇಳಿದೆ. ತನ್ನ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು ಅಂತ ಕೇಳಿ ಅವಳಿಗೆ ತುಂಬಾ ಖುಷಿ. "ಹಾಗಾದರೆ ಅವಳ ಕೈ ನೋವು ಬಂದಿರುತ್ತೆ" ಅಂದಳು.

ನಿಮ್ಮ ಪ್ರಶ್ನೆ ಸರಿಯಾಗಿದೆ. ಆದರೆ ಬೇಲೂರಿಗೆ ಹೋದಾಗ ನಾವು ಭಕ್ತರಾಗಿ ಹೋಗುತ್ತೇವೆ, ಇಲ್ಲ ಪ್ರವಾಸಿಗರಾಗಿ ಹೋಗುತ್ತೇವೆ. "ನಾನೂ ಒಂದು ಮಾಡಬಹುದು" ಅಂತ ಮಗುವಿಗೆ ಅನ್ನಿಸಬೇಕಾದರೆ ಪಕ್ಕದ ಬೀದಿಯವರು ಬರೆದದ್ದೂ ಕಾಣಬೇಕು. ಒಂಬೈನೂರು ವರ್ಷದ ಹಿಂದಿನ ಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಪಕ್ಕದ ಮನೆಯವರ ಚಿತ್ರ ನೋಡಿದರೆ ಬಣ್ಣದ ಡಬ್ಬಿ ತೆಗೆಯಬೇಕು ಅನ್ನಿಸುತ್ತದೆ. ಎರಡೂ ಬೇಕು.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು · ಸೋಮವಾರ ಸಂಜೆ

31 ವರ್ಷ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಹೇಳಿಕೊಟ್ಟವನು ನಾನು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಎಷ್ಟೋ ಮಕ್ಕಳನ್ನು ಕೂರಿಸಿದ್ದೇನೆ. ಒಂದು ವಿಷಯ ಹೇಳಲೇಬೇಕು.

ಹೊಸ ತರಗತಿಗೆ ಹೋದ ಮೊದಲ ದಿನ "ನಿಮ್ಮ ಊರಿನ ಚಿತ್ರ ಬರೆಯಿರಿ" ಅನ್ನುತ್ತಿದ್ದೆ. ಅರವತ್ತು ಮಕ್ಕಳಲ್ಲಿ ಐವತ್ತೈದು ಮಕ್ಕಳು ಬರೆಯುತ್ತಿದ್ದದ್ದು ಒಂದೇ. ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ನದಿ, ಒಂದು ಗುಡಿಸಲು, ಒಂದು ತೆಂಗಿನ ಮರ, ನಾಲ್ಕು ಹಕ್ಕಿ. ಶಾಲೆ ಇದ್ದದ್ದು ಅರಸೀಕೆರೆ ಸೀಮೆಯಲ್ಲಿ. ಅಲ್ಲಿ ನದಿ ಎಲ್ಲಿದೆ? ಮಕ್ಕಳು ದಿನಾ ನೋಡುವುದು ತೆಂಗಿನ ತೋಟ, ರಾಗಿ ಮೆದೆ, ಒಣಗಿದ ಕೆರೆ, ರೈಲ್ವೆ ಗೇಟು. ಅದು ಯಾವುದೂ ಹಾಳೆಯ ಮೇಲೆ ಬರುತ್ತಿರಲಿಲ್ಲ.

ಮಕ್ಕಳಿಗೆ ಕಣ್ಣಿಲ್ಲ ಅಂತಲ್ಲ. ರೈಲ್ವೆ ಗೇಟೂ ಚಿತ್ರ ಆಗಬಹುದು ಅಂತ ಯಾರೂ ತೋರಿಸಿರಲಿಲ್ಲ, ಅಷ್ಟೇ. ಒಂದು ವರ್ಷ ಒಬ್ಬ ಕಲಾವಿದ ಗೆಳೆಯರು ತಮ್ಮ ಹತ್ತು ಚಿತ್ರ ತಂದು ನಮ್ಮ ವರಾಂಡದಲ್ಲಿ ಒಂದು ವಾರ ಇಟ್ಟರು. ಸಂತೆ, ಬಸ್ ಸ್ಟ್ಯಾಂಡು, ಕುರಿ ಹಿಂಡು, ಹೀಗೆ. ಆಮೇಲೆ ಅದೇ ಮಕ್ಕಳು ಬರೆದದ್ದನ್ನು ನೀವು ನೋಡಬೇಕಿತ್ತು. ಒಬ್ಬ ಹುಡುಗ ಅವರ ಅಜ್ಜಿ ಕೊಬ್ಬರಿ ಒಣಹಾಕುವುದನ್ನು ಬರೆದ. ಅಜ್ಜಿಯ ಬೆನ್ನು ಎಷ್ಟು ಬಾಗಿದೆಯೋ ಅಷ್ಟೇ ಬಾಗಿತ್ತು, ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ನಾನು ಕಲಿಸಿದ್ದರಿಂದ ಅದು ಬರಲಿಲ್ಲ. ಆ ಒಂದು ವಾರದ ವರಾಂಡದಿಂದ ಬಂತು.

ಅಂಥ ಮಕ್ಕಳ ಚಿತ್ರ ಸುಮಾರು ನಾನೂರು ನನ್ನ ಮನೆಯ ಟ್ರಂಕಿನಲ್ಲಿವೆ. ಅರ್ಧಕ್ಕರ್ಧ ಹುಳ ತಿಂದಿದೆ. ಅವನ್ನು ಎಲ್ಲಿಗೆ ಕೊಡಬೇಕು ಅಂತ ನನಗೆ ಗೊತ್ತಿಲ್ಲ.

ಫ್ರೇಮ್ ಅಂಗಡಿ · ಸೋಮವಾರ ರಾತ್ರಿ

ಮೇಷ್ಟ್ರೇ, ಮೊದಲು ಆ ಟ್ರಂಕನ್ನು ನೆಲದಿಂದ ಎತ್ತಿ ಇಡಿ. ಗೋಡೆಗೆ ತಾಗಿಸಬೇಡಿ. ಹಾಳೆಗಳನ್ನು ಹೊರಗೆ ತೆಗೆದು, ಬಿಸಿಲಿಗಲ್ಲ, ನೆರಳಲ್ಲಿ ಗಾಳಿಯಾಡಲು ಬಿಡಿ. ಕಾಗದ ತಿನ್ನುವುದು ಜಾಸ್ತಿ ಬೆಳ್ಳಿ ಹುಳ. ಅದಕ್ಕೆ ತೇವ, ಕತ್ತಲೆ, ಅಂಟು ಬೇಕು. ಹಳೆಯ ಪೇಪರ್ ಸುತ್ತಿ ಇಟ್ಟಿದ್ದರೆ ತೆಗೆದುಬಿಡಿ. ನ್ಯೂಸ್‌ಪೇಪರಿನ ಆಮ್ಲ ಒಳ್ಳೆಯ ಹಾಳೆಯನ್ನೂ ಹಳದಿ ಮಾಡುತ್ತದೆ.

ಗ್ಯಾಲರಿ ವಿಷಯಕ್ಕೂ ಒಂದು ಮಾತು. ಎಲ್ಲರೂ ಕಟ್ಟಡದ ಬಗ್ಗೆ ಹೇಳುತ್ತಾರೆ, ಗೋಡೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹಾಸನ ಅರ್ಧ ಮಲೆನಾಡು. ಜುಲೈ, ಆಗಸ್ಟಿನಲ್ಲಿ ಹೊಸ ಗೋಡೆಯೂ ಬೆವರುತ್ತದೆ. ಗೋಡೆಗೆ ಒತ್ತಿ ತೂಗುಹಾಕಿದ ಚಿತ್ರದ ಹಿಂದೆ ಬೂಷ್ಟು ಹಿಡಿದೇ ಹಿಡಿಯುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಿರಡೆ ಚೂರು ಅಂಟಿಸಿದರೆ ಗಾಳಿ ಓಡಾಡುತ್ತದೆ. ಹತ್ತು ರೂಪಾಯಿ ಕೆಲಸ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟು, ಕೊಡಬೇಕು. ತಾಗಿದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟಿಕೊಳ್ಳುತ್ತದೆ. ಅಂಥ ಚಿತ್ರ ಬಿಚ್ಚುವಾಗ ನನ್ನ ಕೈ ನಡುಗಿದ್ದುಂಟು. ಒಂದು ಕುಟುಂಬದವರು ತಾತ ಬರೆದದ್ದು ಅಂತ ತಂದಿದ್ದರು. ಅರ್ಧ ಮುಖ ಗಾಜಿನ ಮೇಲೆ, ಅರ್ಧ ಹಾಳೆಯ ಮೇಲೆ.

ಬೆಂಗಳೂರಲ್ಲಿರೋ ಹಾಸನದವ · ಮಂಗಳವಾರ

ಫ್ರೇಮ್ ಅಂಗಡಿ ಅಣ್ಣ ಹೇಳಿದ್ದಕ್ಕೆ ಬೆಳಕನ್ನೂ ಸೇರಿಸುತ್ತೇನೆ. ಮ್ಯೂಸಿಯಮ್ಮುಗಳಲ್ಲಿ ಕಾಗದದ ಚಿತ್ರ, ಜಲವರ್ಣ ಇವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಲು ಬಿಡುವುದಿಲ್ಲ. ತೈಲವರ್ಣಕ್ಕೆ 200ರ ತನಕ ನಡೆಯುತ್ತದೆ. ಕಿಟಕಿಯ ನೇರ ಬಿಸಿಲು ಯಾವುದಕ್ಕೂ ಆಗದು. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ.

ನಾನು ಚಿತ್ರ ಬರೆಯುವವನು. ಊರು ಬಿಟ್ಟು 14 ವರ್ಷ ಆಯಿತು. ನನ್ನ ಮೊದಲ ಪ್ರದರ್ಶನ ಆಗಿದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ. ಖಾಸಗಿ ಗ್ಯಾಲರಿಗೆ ಹೋದರೆ "ನಿಮ್ಮ ಚಿತ್ರ ಹಿಂದೆ ಎಲ್ಲಿ ಮಾರಾಟ ಆಗಿದೆ?" ಅಂತ ಮೊದಲು ಕೇಳುತ್ತಾರೆ. ಸರಕಾರಿ ಗ್ಯಾಲರಿಯಲ್ಲಿ ಕಡಿಮೆ ಬಾಡಿಗೆ ಕಟ್ಟಿದರೆ ಹೊಸಬನಿಗೂ ಗೋಡೆ ಸಿಗುತ್ತದೆ. ನನ್ನಂಥ ಹಳ್ಳಿಯಿಂದ ಬಂದವನಿಗೆ ಅದು ಎಷ್ಟು ದೊಡ್ಡದು ಅಂತ ಹೇಳಲು ಮಾತು ಸಾಲದು. ಅಪ್ಪ ಅಮ್ಮ ಬಸ್ಸಿನಲ್ಲಿ ಬಂದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ದೇವಸ್ಥಾನಕ್ಕೆ ಬಂದ ಹಾಗೆ. ಯಾರೂ ಅವರನ್ನು ತಡೆಯಲಿಲ್ಲ.

ಅದಕ್ಕೇ 2015–16ರಲ್ಲಿ ಆ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುವ ಮಾತು ಬಂದಾಗ ಕಲಾವಿದರು ಬೀದಿಗಿಳಿದರು. ಚಿತ್ರ ಬರೆದರು, ಹಾಡಿದರು, ಮೆರವಣಿಗೆ ಮಾಡಿದರು. ಆ ಯೋಜನೆ ಮುಂದಕ್ಕೆ ಹೋಗಲಿಲ್ಲ. ಕಟ್ಟಡ ಚೆನ್ನಾಗಿ ಆಗಬಾರದು ಅಂತ ಯಾರೂ ಹೇಳಿರಲಿಲ್ಲ. ಯಾರ ಚಿತ್ರ ಗೋಡೆಗೆ ಹೋಗಬೇಕು ಅನ್ನುವ ತೀರ್ಮಾನ ಸಾರ್ವಜನಿಕರ ಕೈತಪ್ಪಬಾರದು ಅನ್ನುವುದೇ ಜಗಳ.

ಹಾಸನದಲ್ಲಿ ಮಾಡುವಾಗಲೂ ಇದನ್ನು ಮೊದಲೇ ಯೋಚಿಸಬೇಕು. ನಮ್ಮೂರಿನವರೇ ಆದ ಹಿರಿಯ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಚಿತ್ರವೂ ಅಲ್ಲಿರಬೇಕು, ಈ ವರ್ಷ ಮೊದಲ ಸಲ ಬಣ್ಣ ಹಿಡಿದವರದ್ದೂ ಇರಬೇಕು. ಆಯ್ಕೆ ಮಾಡುವವರು ಯಾರು, ಎಷ್ಟು ದಿನಕ್ಕೆ ಬದಲಾಗುತ್ತಾರೆ, ಅದನ್ನು ಬರೆದಿಡಬೇಕು.

ಹೊಸಲೈನ್ ರಸ್ತೆ · ಮಂಗಳವಾರ

ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಬೀಗದ ಕೈ ಯಾರ ಹತ್ತಿರ ಇರುತ್ತದೆ? ಬೆಳಿಗ್ಗೆ ಬಾಗಿಲು ತೆಗೆಯುವವರಿಗೆ ಸಂಬಳ ಯಾರು ಕೊಡುತ್ತಾರೆ? ಕರೆಂಟ್ ಬಿಲ್ಲು? ಇದು ವಾದಕ್ಕೆ ಕೇಳುತ್ತಿಲ್ಲ. ಈ ಮೂರು ಪ್ರಶ್ನೆಗೆ ಉತ್ತರ ಇಲ್ಲದೆ ಶುರುವಾದ ಎಲ್ಲವೂ ನಿಂತುಹೋಗಿದ್ದನ್ನು ಕಂಡಿದ್ದೇನೆ.

ಲೈಬ್ರರಿ ಓದುಗ · ಮಂಗಳವಾರ ರಾತ್ರಿ

ಹೊಸಲೈನ್ ರಸ್ತೆಯವರು ಕೇಳಿದ್ದೇ ಅಸಲು ಪ್ರಶ್ನೆ. ಇದರಲ್ಲಿ ಲೈಬ್ರರಿಯಿಂದ ಕಲಿಯಬೇಕಾದದ್ದಿದೆ.

ನಮ್ಮ ರಾಜ್ಯದಲ್ಲಿ ಊರೂರಲ್ಲಿ ಸರಕಾರಿ ಗ್ರಂಥಾಲಯ ಇರುವುದು ಯಾರದೋ ಔದಾರ್ಯದಿಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಕಾಣುತ್ತದೆ. ಹಣ ಸರಿಯಾಗಿ ತಲುಪುತ್ತದೋ ಇಲ್ಲವೋ ಅದು ಬೇರೆ ಜಗಳ. ಆದರೆ ಬಾಗಿಲು ತೆಗೆಯುವ ಮನುಷ್ಯನಿಗೆ ಒಂದು ದಾರಿ ಅಂತ ಇದೆ. ಚಿತ್ರಕ್ಕೆ ಅಂಥ ದಾರಿ ಇಲ್ಲ.

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಊರೆಲ್ಲ ಹಿಗ್ಗಿತು. ಮರುದಿನವೇ ಅವರ ಪುಸ್ತಕ ಕೇಳಿಕೊಂಡು ಲೈಬ್ರರಿಗೆ ಹೋದವರನ್ನು ನಾನು ಬಲ್ಲೆ. ಬರೆದವರಿಗೆ ಅಷ್ಟು ದೊಡ್ಡ ಹೆಸರು ಬಂದರೆ ಓದುವವನಿಗೆ ಹೋಗಲು ಒಂದು ಜಾಗ ಇದೆ. ನಾಳೆ ನಮ್ಮೂರಿನ ಚಿತ್ರಕಾರರೊಬ್ಬರಿಗೆ ಅಷ್ಟೇ ದೊಡ್ಡ ಹೆಸರು ಬಂದರೆ? ಮೊಬೈಲಿನಲ್ಲಿ ನೋಡಬೇಕು.

ನನ್ನ ಸಲಹೆ ಇಷ್ಟು. ಹೊಸ ಕಟ್ಟಡ ಬೇಡ. ಈಗಾಗಲೇ ಯಾರೋ ಬಾಗಿಲು ತೆಗೆದು ಕೂತಿರುವ ಜಾಗದಲ್ಲಿ ಒಂದು ಗೋಡೆ ಕೇಳೋಣ. ಲೈಬ್ರರಿ ಆಗಬಹುದು, ಕಾಲೇಜು ಆಗಬಹುದು. ತಿಂಗಳಿಗೆ ಹತ್ತು ಚಿತ್ರ. ಪೇಪರ್ ಓದಲು ಬಂದವರು ತಲೆಯೆತ್ತಿದರೆ ಕಾಣಬೇಕು.

ಎರಡನೇ ಪಿಯು · ಮಂಗಳವಾರ ರಾತ್ರಿ

ನಾನು ಚಿತ್ರ ಬರೆಯುತ್ತೇನೆ. ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಅಂಥ ಗೋಡೆ ಇದ್ದರೆ ಹೆಸರು ಹಾಕದೆ ಕೊಡಬಹುದಾ?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು · ಬುಧವಾರ ಬೆಳಿಗ್ಗೆ

ಕೊಡಬಹುದು ಮಗು. ಆದರೆ ಹಾಳೆಯ ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು ಬರೆದಿಡು. ಮುಂದೆ ಎಂದಾದರೂ ಬೇಕಾಗುತ್ತದೆ. ಪೆನ್ನಿನಲ್ಲಿ ಬೇಡ, ಶಾಯಿ ಈಚೆಗೆ ಇಳಿಯುತ್ತದೆ.

ಬೇಲೂರು ಗೈಡ್ · ಬುಧವಾರ

ಹೆಸರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 1117ರ ಬೇಲೂರು ದೇವಸ್ಥಾನದ ಮದನಿಕೆಗಳಲ್ಲಿ ಕೆಲವದರ ಕೆಳಗೆ ಶಿಲ್ಪಿಗಳ ಹೆಸರು ಕೆತ್ತಿದೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ. ಅಪ್ಪ ನಾಲ್ಕು, ಮಗ ಐದು ಮಾಡಿದರು ಅಂತ ಲೆಕ್ಕ ಸಿಗುತ್ತದೆ. ನಾನು ಪ್ರವಾಸಿಗರಿಗೆ ಯಾವಾಗಲೂ ಅಲ್ಲಿ ನಿಲ್ಲಿಸಿ ತೋರಿಸುತ್ತೇನೆ. ರಾಜರ ಹೆಸರು ಕೇಳಿದಾಗ ತಲೆಯಾಡಿಸುವವರು ಕೂಡ ಶಿಲ್ಪಿಯ ಹೆಸರು ಕಂಡ ಕೂಡಲೇ ಹತ್ತಿರ ಬರುತ್ತಾರೆ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿದ್ದೀರಾ? ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರದು. ಉತ್ತರದ ಗೋಡೆಯ ಶಿಲ್ಪಗಳು ಮಲ್ಲಿತಮ್ಮನವು, ದಕ್ಷಿಣದವು ಬೈಚೋಜನವು. ಒಂದೇ ಗುಡಿ, ಎರಡು ಕೈ. ಒಂದು ಸುತ್ತು ಹಾಕಿ ಎರಡನ್ನೂ ಹೋಲಿಸಿ ನೋಡಿದರೆ ಯಾವ ಪುಸ್ತಕವೂ ಬೇಡ, ಕಣ್ಣು ತಾನಾಗಿ ಕಲಿಯುತ್ತದೆ. ಮೇಷ್ಟ್ರು ಹೇಳಿದ ವರಾಂಡದ ಕತೆ ಓದಿದ ಮೇಲೆ ನನ್ನ ಮಾತು ಬದಲಿಸಿದ್ದೇನೆ. ಗ್ಯಾಲರಿ ಆಗಲಿ. ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಅಲ್ಲಿಂದ ನುಗ್ಗೇಹಳ್ಳಿಗೂ ದೊಡ್ಡಗದ್ದವಳ್ಳಿಗೂ ನಾನೇ ಕರೆದುಕೊಂಡು ಹೋಗುತ್ತೇನೆ. ಕಾಸು ಬೇಡ.

ಸೀನರಿ ಮನೆ · ಬುಧವಾರ ರಾತ್ರಿ

ಇದುವರೆಗೆ ಓದುತ್ತಾ ಇದ್ದೆ, ಬರೆಯಲೋ ಬೇಡವೋ ಅಂತ. ಹೆಸರಿನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಹೊಳೆನರಸೀಪುರ ಕಡೆ. ನಮ್ಮಪ್ಪ ಪೌರಾಣಿಕ ನಾಟಕಗಳಿಗೆ ಸೀನರಿ ಬರೆಯುತ್ತಿದ್ದರು. ದರ್ಬಾರ್ ಸೀನು, ಬೀದಿ ಸೀನು, ಕಾಡು, ಕೈಲಾಸ, ಸೈಡ್ ವಿಂಗು ಎಲ್ಲ. ಇಪ್ಪತ್ತು ಅಡಿಗಿಂತ ಅಗಲದ ಬಟ್ಟೆಯನ್ನು ಕಣದಲ್ಲಿ ಹಾಸಿ, ಪುಡಿ ಬಣ್ಣಕ್ಕೆ ಅಂಟು ಕಾಯಿಸಿ ಬೆರೆಸಿ, ಉದ್ದ ಕೋಲಿಗೆ ಕಟ್ಟಿದ ಬ್ರಷ್ಷಿನಲ್ಲಿ ನಿಂತೇ ಬರೆಯುತ್ತಿದ್ದರು. ನಾನು ಚಿಕ್ಕವನಿದ್ದಾಗ ಅಂಟಿನ ಪಾತ್ರೆಗೆ ಬೆಂಕಿ ಹಾಕುವುದು ನನ್ನ ಕೆಲಸ. ಒಂದು ದರ್ಬಾರ್ ಸೀನಿಗೆ ತಿಂಗಳು ಹಿಡಿಯುತ್ತಿತ್ತು. ಕಂಬ ಹಿಂದೆ ಹಿಂದೆ ಸರಿದು ಹೋಗುವ ಹಾಗೆ ಕಾಣಬೇಕು. ಸ್ಟೇಜಿನ ಮುಂದೆ ಚಾಪೆ ಹಾಕಿಕೊಂಡು ಕೂತವನಿಗೂ, ಹಿಂದೆ ಎತ್ತಿನ ಗಾಡಿ ಮೇಲೆ ನಿಂತವನಿಗೂ ಸರಿಯಾಗಿ ಕಾಣಬೇಕು. ಅಪ್ಪ ಒಂದು ದಾರ ಕಟ್ಟಿ, ದೂರ ಹೋಗಿ ನೋಡಿ, ಮತ್ತೆ ಬಂದು ಗೆರೆ ಹಾಕುತ್ತಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು.

ನಾಟಕದ ಕರಪತ್ರ ನೋಡಿದ್ದೀರಲ್ಲ. ಹಾರ್ಮೋನಿಯಂ ಮೇಷ್ಟ್ರ ಹೆಸರು ಇರುತ್ತದೆ. ಪಾತ್ರಧಾರಿಗಳ ಹೆಸರು, ಫೋಟೊ ಇರುತ್ತದೆ. ಸೀನರಿ ಬಾಡಿಗೆಗೆ ಕೊಟ್ಟವರ ಹೆಸರು ಇರುತ್ತದೆ. ಬರೆದವರ ಹೆಸರು ಎಲ್ಲೂ ಇರುವುದಿಲ್ಲ. ಅಪ್ಪ ಬರೆದ ಪರದೆಯ ಮುಂದೆ ಎಷ್ಟು ಸಾವಿರ ಜನ ರಾತ್ರಿಯೆಲ್ಲ ಕೂತಿದ್ದಾರೋ. ಅವರಿಗೆ ಬರೆದವರು ಯಾರು ಅಂತ ಗೊತ್ತಿಲ್ಲ. ದಾಸೋಜ ಹೆಸರು ಕೆತ್ತಿಟ್ಟ ಅಂತ ಓದಿದಾಗ ನನಗೆ ಯಾಕೋ ಕಣ್ಣು ತುಂಬಿತು.

ಈಗ ಫ್ಲೆಕ್ಸ್ ಸೀನರಿ ಬಂದಿದೆ. ಹಗುರ, ಬೇಗ ಆಗುತ್ತದೆ. ಅಪ್ಪನ ಮೂರು ಪರದೆ ಅಟ್ಟದ ಮೇಲಿವೆ. ಒಂದು ದರ್ಬಾರು, ಒಂದು ಕಾಡು, ಒಂದು ಬೀದಿ. ಬೀದಿ ಸೀನಿನಲ್ಲಿ ಒಂದು ಮನೆಯ ಜಗುಲಿ ಮೇಲೆ ನಮ್ಮ ಅಜ್ಜಿಯನ್ನು ಬರೆದಿದ್ದಾರೆ. ಊರಿನಲ್ಲಿ ನಮಗೆ ಮಾತ್ರ ಅದು ಗೊತ್ತು. ನೀವು ಹೇಳುವ ಗ್ಯಾಲರಿಗೆ ಇಂಥವನ್ನು ತೆಗೆದುಕೊಳ್ಳುತ್ತಾರಾ? ಅಥವಾ ಇದು ಕಲೆ ಅಲ್ಲವಾ?

ಬೆಂಗಳೂರಲ್ಲಿರೋ ಹಾಸನದವ · ಬುಧವಾರ ರಾತ್ರಿ

ಅಣ್ಣ, ನಾನು ಐದು ವರ್ಷ ಕಾಲೇಜಿನಲ್ಲಿ ಕಲಿತದ್ದು ನಿಮ್ಮಪ್ಪ ದಾರ ಕಟ್ಟಿ ಮಾಡಿದ್ದನ್ನೇ. ಅದು ಕಲೆ ಅಲ್ಲದಿದ್ದರೆ ನಾನು ಮಾಡುತ್ತಿರುವುದೂ ಅಲ್ಲ.

ಬಳಪ · ಗುರುವಾರ ಬೆಳಿಗ್ಗೆ

ಸೀನರಿ ಮನೆ ಅಣ್ಣ, ರಾತ್ರಿ ನಿಮ್ಮ ಪೋಸ್ಟನ್ನು ಮನೆಯಲ್ಲಿ ಜೋರಾಗಿ ಓದಿದೆ. ನಮ್ಮ ಮಾವನವರು "ಆ ಬೀದಿ ಸೀನು ನಾನು ನೋಡಿರಬಹುದು" ಅಂತ ಎದ್ದು ಕೂತರು. ಅವರು ಎರಡು ಸಲ ಕೃಷ್ಣನ ಪಾತ್ರ ಮಾಡಿದವರು.

ನಾನು ಈ ಚರ್ಚೆ ಶುರು ಮಾಡಿದಾಗ ತಲೆಯಲ್ಲಿ ಇದ್ದದ್ದು ಮೈಸೂರಿನಂಥ ಒಂದು ಜಾಗ. ಗೋಡೆ, ಬಂಗಾರದ ಬಣ್ಣದ ಫ್ರೇಮು. ಈಗ ಹಾಗೆ ಅನ್ನಿಸುತ್ತಿಲ್ಲ. ಮೊದಲು ತೋರಿಸಬೇಕಾದದ್ದು ನಿಮ್ಮ ಮೂರು ಪರದೆ. ಮೇಷ್ಟ್ರ ಟ್ರಂಕು. ಮಹಾರಾಜರು ಸಂಗ್ರಹಿಸಿದ್ದು ಮೈಸೂರಿನಲ್ಲಿ ಇದೆ, 1915ರಿಂದ ಜನ ನೋಡುತ್ತಿದ್ದಾರೆ. ನಮ್ಮಲ್ಲಿ ಹಾಗೆ ಚಿತ್ರ ಸಂಗ್ರಹಿಸಿದ ಮಹಾರಾಜರು ಇರಲಿಲ್ಲ. ಅಟ್ಟದ ಮೇಲೆ ಇಟ್ಟುಕೊಂಡ ಮನೆಯವರು ಇದ್ದಾರೆ. ಅವರ ಹತ್ತಿರ ಇರುವುದು ಹಾಳಾಗುವ ಮೊದಲು ಒಂದು ಸಲವಾದರೂ ಬೆಳಕಿಗೆ ಬರಲಿ.

ಆದರೆ ಇಪ್ಪತ್ತು ಅಡಿ ಪರದೆ ಲೈಬ್ರರಿ ಗೋಡೆಗೆ ಹಿಡಿಸದು. ಎಲ್ಲಿ ತೂಗುಹಾಕುವುದು?

ಮಂಟಪದ ಮ್ಯಾನೇಜರ್ · ಗುರುವಾರ

ನಾನು ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುವವನು. ಆಷಾಢದಲ್ಲಿ ಮದುವೆ ಇಲ್ಲ. ಇಡೀ ತಿಂಗಳು ಹಾಲ್ ಖಾಲಿ. ಸ್ಟೇಜ್ ಮೂವತ್ತು ಅಡಿ ಇದೆ, ಮೇಲೆ ಕಬ್ಬಿಣದ ಪೈಪ್ ಇದೆ, ಡೆಕೊರೇಷನ್‌ನವರು ಕಟ್ಟುವುದು ಅದಕ್ಕೇ. ಮಾಲೀಕರನ್ನು ಕೇಳಿದೆ. ಶುಕ್ರವಾರದಿಂದ ಭಾನುವಾರ ಮೂರು ದಿನ ಬಾಡಿಗೆ ಬೇಡ, ಕರೆಂಟ್ ಮತ್ತು ಕಸ ಗುಡಿಸುವವರ ಕೂಲಿ ಮಾತ್ರ ಕೊಡಿ ಅಂದರು. ಬಾಗಿಲು ತೆಗೆಯುವವನು ನಾನೇ ಇರುತ್ತೇನೆ.

ಫ್ರೇಮ್ ಅಂಗಡಿ · ಗುರುವಾರ

ಆಷಾಢ ಅಂದರೆ ಮಳೆ. ಸ್ವಲ್ಪ ಯೋಚಿಸಿ. ಅಂಟಿನಲ್ಲಿ ಕಲಸಿದ ಪುಡಿ ಬಣ್ಣಕ್ಕೆ ಒಂದು ಹನಿ ನೀರು ಬಿದ್ದರೂ ಕರಗಿ ಇಳಿಯುತ್ತದೆ. ಸೀನರಿ ಮನೆ ಅಣ್ಣ, ಪರದೆಯನ್ನು ಸುರುಳಿ ಮಾಡಿ ತನ್ನಿ, ಮಡಚಬೇಡಿ. ಮಡಚಿದಲ್ಲಿ ಬಣ್ಣ ಉದುರುತ್ತದೆ. ಬಣ್ಣದ ಬದಿ ಹೊರಗೆ ಬರಲಿ, ನಡುವೆ ಹಳೆಯ ಹತ್ತಿ ಸೀರೆ ಹಾಕಿ. ಪ್ಲಾಸ್ಟಿಕ್ ಶೀಟು ದಾರಿಯಲ್ಲಿ ಮಾತ್ರ ಸುತ್ತಿ, ಬಂದ ಕೂಡಲೇ ತೆಗೆಯಿರಿ, ಒಳಗೆ ಬೆವರುತ್ತದೆ. ಒರೆಸಲು ಹೋಗಲೇಬೇಡಿ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯೋಣ, ನಾನು ತೋರಿಸುತ್ತೇನೆ.

ಮೇಷ್ಟ್ರ ಟ್ರಂಕಿನಿಂದ ನಲವತ್ತು ಚಿತ್ರ ಆರಿಸಿ ಕೊಟ್ಟರೆ ನನ್ನ ಅಂಗಡಿಯ ಉಳಿದ ಫ್ರೇಮುಗಳಲ್ಲಿ ಹಾಕಿಕೊಡುತ್ತೇನೆ. ಅಳತೆ ಬೇರೆ ಬೇರೆ ಇರುತ್ತದೆ, ಅದು ಪರವಾಗಿಲ್ಲ ಅಂದುಕೊಳ್ಳಿ.

ಸೀನರಿ ಮನೆ · ಗುರುವಾರ ರಾತ್ರಿ

ಮಳೆಗಾಲದಲ್ಲಿ ನಾಟಕವೂ ಇರುವುದಿಲ್ಲ. ಹಾಗಾಗಿ ಪರದೆ ಕಟ್ಟುವ ನಮ್ಮ ಹುಡುಗರೂ ಖಾಲಿ ಇರುತ್ತಾರೆ. ಇಬ್ಬರನ್ನು ಕರೆದುಕೊಂಡು ಬರುತ್ತೇನೆ. ಪಕ್ಕದ ಊರಿನಲ್ಲಿ ಇನ್ನೊಂದು ಮನೆಯಲ್ಲಿ ಕೈಲಾಸ ಸೀನು ಇದೆ ಅಂತ ಕೇಳಿದ್ದೇನೆ, ವಿಚಾರಿಸುತ್ತೇನೆ.

ಹೊಸಲೈನ್ ರಸ್ತೆ · ಶುಕ್ರವಾರ

ಸಾರ್ವಜನಿಕ ಹಣ ಕೇಳದೆ ನಡೆಯುವುದಾದರೆ ನನ್ನ ವಿರೋಧ ಇಲ್ಲ. ಕಟ್ಟಡ ಅಂತ ಮಾತು ಬಂದ ದಿನ ಮತ್ತೆ ಬಂದು ಕೇಳುತ್ತೇನೆ. ಆದರೆ ಮೂರು ದಿನ ಆದ ಮೇಲೆ ಏನು? ಚಿತ್ರಗಳು ಮತ್ತೆ ಟ್ರಂಕಿಗೆ, ಪರದೆ ಮತ್ತೆ ಅಟ್ಟಕ್ಕೆ ಹೋಗುತ್ತವೆ ಅಲ್ವಾ? ಬಂದವರ ಲೆಕ್ಕ ಬರೆದಿಡಿ. ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಎಷ್ಟು ಮಕ್ಕಳು. ಆ ಪುಸ್ತಕ ಇದ್ದರೆ ನಾಳೆ ಯಾರ ಮುಂದೆ ಹೋಗಿ ನಿಂತರೂ ಮಾತಿಗೆ ತೂಕ ಇರುತ್ತದೆ. ಬಾಗಿಲಲ್ಲಿ ಕೂತು ಬರೆಯಲು ಜನ ಬೇಕಾದರೆ ಭಾನುವಾರ ನಾನು ಬರುತ್ತೇನೆ.

ಲೈಬ್ರರಿ ಓದುಗ · ಶುಕ್ರವಾರ

ರಿಜಿಸ್ಟರ್ ಪುಸ್ತಕ ನಾನು ತರುತ್ತೇನೆ. ಲೈಬ್ರರಿಯಲ್ಲಿ ಗೋಡೆ ಕೇಳುವ ಅರ್ಜಿಯನ್ನೂ ಬರೆದಿದ್ದೇನೆ, ಸಹಿ ಮಾಡುವವರು ಅಲ್ಲೇ ಮಾಡಬಹುದು. ಮೂರು ದಿನ ಆದ ಮೇಲೆ ಮೇಷ್ಟ್ರ ಹತ್ತು ಚಿತ್ರ ಅಲ್ಲಿಗೆ ಹೋಗಬೇಕು ಅನ್ನುವುದು ಅದರಲ್ಲಿದೆ. ಒಪ್ಪಿಗೆ ಸಿಗುತ್ತದೋ ಇಲ್ಲವೋ, ಕೇಳೋಣ. ಇನ್ನೊಂದು. ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನಕ್ಕೆ ಎಲ್ಲಿಂದಲೋ ಜನ ಬರುತ್ತಾರೆ. ಆಗ ಇನ್ನೊಮ್ಮೆ ಮಾಡುವ ಬಗ್ಗೆ ಈಗಲೇ ಯೋಚಿಸಬೇಕು.

ಬಳಪ · ಶನಿವಾರ ಬೆಳಿಗ್ಗೆ

ಎಲ್ಲರಿಗೂ. ಆಷಾಢದ ಎರಡನೇ ಶುಕ್ರವಾರ, ಶನಿವಾರ, ಭಾನುವಾರ ಅಂತ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟು. ಕೆಲಸ ಮುಗಿಸಿಕೊಂಡು ಬರುವವರಿಗೂ ಸಿಗಬೇಕು ಅಂತ ರಾತ್ರಿ ತನಕ. ಟಿಕೆಟ್ ಇಲ್ಲ. ಉದ್ಘಾಟನೆ, ಭಾಷಣ, ಶಾಲು ಇಲ್ಲ.

ಪ್ರತಿ ಪರದೆ, ಪ್ರತಿ ಚಿತ್ರದ ಪಕ್ಕ ಬರೆದವರ ಹೆಸರು, ಊರು ಇರುತ್ತದೆ. ಸೀನರಿ ಮನೆ ಅಣ್ಣ, ನಿಮ್ಮ ತಂದೆಯವರ ಪೂರ್ತಿ ಹೆಸರು, ಅವರು ಯಾವಾಗಿನಿಂದ ಯಾವಾಗಿನವರೆಗೆ ಬರೆದರು ಅಂತ ನನಗೆ ಬೇರೆಯಾಗಿ ಕಳುಹಿಸಿ. ಕಾರ್ಡನ್ನು ಮಗಳೇ ಬರೆಯುತ್ತಾಳಂತೆ. ಅಜ್ಜಿ ಯಾರು ಅಂತ ಹೇಳಬೇಡಿ, ತಾನೇ ಹುಡುಕುತ್ತೇನೆ ಅಂತಿದ್ದಾಳೆ.

ಎರಡನೇ ಪಿಯು, ನಿನ್ನ ಚಿತ್ರಕ್ಕೆ ಒಂದು ಫ್ರೇಮ್ ತೆಗೆದಿಟ್ಟಿದೆ. ಬರಬೇಕು ಅಂತ ಒತ್ತಾಯ ಇಲ್ಲ. ಗುರುವಾರ ಸಂಜೆ ಪರದೆ ಕಟ್ಟುವಾಗ ನಾವೆಲ್ಲ ಅಲ್ಲಿರುತ್ತೇವೆ.

ಎತ್ತರದ ಏಣಿ ಒಂದು ಬೇಕು, ಮಂಟಪದಲ್ಲಿರುವುದು ಮೋಟು. ಯಾರ ಹತ್ತಿರ ಇದೆ?

ಎರಡನೇ ಪಿಯು · ಶನಿವಾರ

ನಮ್ಮ ಮನೆಯಲ್ಲಿದೆ. ಅಪ್ಪ ಪೇಂಟಿಂಗ್ ಕಂಟ್ರಾಕ್ಟರ್. ಗುರುವಾರ ನಾನೇ ತರುತ್ತೇನೆ.